ಮಾತನಾಡಿಸಿದರೆ ನಿಲ್ಲುವ ಕಾಲು

ಉದ್ದನೆಯ ಕಾರಿಡಾರ್. ನೆಲದ ಮೇಲೆ ಹತ್ತು ಮೀಟರ್ ಅಂತರದಲ್ಲಿ ಎರಡು ಬಣ್ಣದ ಪಟ್ಟಿಗಳು. ಪಾರ್ಶ್ವವಾಯು ಬಡಿದು ಎಂಟು ತಿಂಗಳಾದ ವ್ಯಕ್ತಿಯೊಬ್ಬರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನಡೆಯುತ್ತಾರೆ. ಬಲಗಾಲು ತುಸು ಎಳೆಯುತ್ತದೆ, ಆದರೂ ಹೆಜ್ಜೆಗಳು ಒಂದೇ ಹದದಲ್ಲಿವೆ. ಸ್ಟಾಪ್‌ವಾಚ್‌ 12 ಸೆಕೆಂಡ್ ತೋರಿಸುತ್ತದೆ. ‘ಚೆನ್ನಾಗಿ ನಡೆದಿರಿ. ಈಗ ಇನ್ನೊಮ್ಮೆ. ಆದರೆ ನೂರರಿಂದ ಏಳೇಳು ಕಳೆಯುತ್ತಾ ಗಟ್ಟಿಯಾಗಿ ಹೇಳಿಕೊಂಡು ಬನ್ನಿ’ ಎನ್ನುತ್ತಾರೆ ಫಿಸಿಯೋಥೆರಪಿಸ್ಟ್. ತೊಂಬತ್ತಮೂರು, ಎಂಬತ್ತಾರು... ಅಲ್ಲಿಗೆ ಕಾಲು ನಿಂತುಬಿಡುತ್ತದೆ. ಎಪ್ಪತ್ತೊಂಬತ್ತು ಹೊಳೆದ ಮೇಲೆಯೇ ಮುಂದಿನ ಹೆಜ್ಜೆ. ಈ ಸಲ 16 ಸೆಕೆಂಡ್.

ನಡಿಗೆಯ ವೇಗ ಕಾಲು ಭಾಗದಷ್ಟು ಕುಸಿಯಿತು. ಎರಡು ಕೆಲಸವನ್ನು ಒಟ್ಟಿಗೆ ಮಾಡುವಾಗ ತೆರಬೇಕಾದ ಈ ಬೆಲೆಯನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುವುದು ವಾಡಿಕೆ. ಇಲ್ಲಿ ಅದು ಶೇ 25. ತಲೆಯ ಮೇಲಿಂದಲೇ, ಕೊಯ್ಯದೆ ಕೊರೆಯದೆ, ಮಿದುಳಿಗೆ ಸಣ್ಣ ವಿದ್ಯುತ್ ಪ್ರವಾಹವನ್ನೋ ಕಾಂತಕ್ಷೇತ್ರದ ಮಿಡಿತವನ್ನೋ ಕೊಟ್ಟರೆ ಈ ಬೆಲೆ ಇಳಿಯುತ್ತದೆಯೇ ಎಂಬುದು ಕೆಲವು ವರ್ಷಗಳಿಂದ ಜೋರಾಗಿ ಕೇಳಿಬರುತ್ತಿರುವ ಪ್ರಶ್ನೆ. ‘ಇಳಿಯುತ್ತದೆ’ ಎನ್ನುವ ವರದಿಯೂ ಸಿಗುತ್ತದೆ, ‘ಏನೂ ಆಗದು’ ಎನ್ನುವುದೂ ಸಿಗುತ್ತದೆ. ರೋಗಿಯ ಮನೆಯವರಿಗೆ ಯಾವುದನ್ನು ನಂಬಬೇಕೆಂದೇ ತಿಳಿಯದು. ಬೇರೆ ಬೇರೆ ಕಡೆ ಹುಟ್ಟಿದ ಮೂರು ಕಥೆಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವುದೇ ಈ ಗೊಂದಲದ ಮೂಲ.

ಮೊದಲನೆಯದು ವಿದ್ಯುತ್ತಿನ ಕಥೆ. ರೋಮನ್ ವೈದ್ಯರು ತಲೆನೋವಿಗೆ ವಿದ್ಯುತ್ ಮೀನನ್ನು ಹಣೆಗೆ ಒತ್ತುತ್ತಿದ್ದ ಕಾಲದಿಂದ, 1800ರ ಆಸುಪಾಸಿನಲ್ಲಿ ಇಟಲಿಯ ಜೊವಾನಿ ಆಲ್ಡಿನಿ ಖಿನ್ನತೆಯ ರೋಗಿಗಳ ತಲೆಗೆ ಬ್ಯಾಟರಿ ಜೋಡಿಸಿದ್ದನ್ನು ದಾಟಿ, 1980ರಲ್ಲಿ ಬ್ರಿಟನ್ನಿನ ಮರ್ಟನ್ ಮತ್ತು ಮಾರ್ಟನ್ ಜೋಡಿ ತಲೆಬುರುಡೆಯ ಮೇಲಿಂದಲೇ ಮಿದುಳನ್ನು ಪ್ರಚೋದಿಸಿ ಕೈ ಅಲುಗಾಡಿಸಿ ತೋರಿಸಿದ್ದರವರೆಗೆ ಅದು ಹರಿದು ಬರುತ್ತದೆ. ಮರ್ಟನ್ ಮತ್ತು ಮಾರ್ಟನ್‌ರ ವಿಧಾನದಲ್ಲಿ ನೆತ್ತಿಗೆ ವಿಪರೀತ ನೋವಾಗುತ್ತಿತ್ತು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಥನಿ ಬಾರ್ಕರ್ ತಂಡ ವಿದ್ಯುತ್ತಿನ ಬದಲು ಕಾಂತಕ್ಷೇತ್ರವನ್ನು ಬಳಸಿತು, ನೋವು ತಪ್ಪಿತು. ಇದೇ ಇಂದಿನ ಟಿಎಂಎಸ್ (ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಷನ್). 2000ನೇ ಇಸವಿಯಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಮೈಕೆಲ್ ನಿಟ್ಷೆ ಮತ್ತು ವಾಲ್ಟರ್ ಪೌಲಸ್ ಇನ್ನೂ ಸರಳವಾದದ್ದನ್ನು ತೋರಿಸಿದರು. ಕೇವಲ 1 ಮಿಲಿಆಂಪಿಯರ್ ನೇರ ಪ್ರವಾಹವನ್ನು ಕೆಲವು ನಿಮಿಷ ಹರಿಸಿದರೆ ಧನ ವಿದ್ಯುದ್ವಾರದ ಕೆಳಗಿನ ಮಿದುಳು ಹೆಚ್ಚು ಚುರುಕಾಗುತ್ತದೆ, ಋಣ ವಿದ್ಯುದ್ವಾರದ ಕೆಳಗಿನದು ಮಂಕಾಗುತ್ತದೆ. ಇದು ಟಿಡಿಸಿಎಸ್ (ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಷನ್). ಟಿಎಂಎಸ್ ಯಂತ್ರ ದೊಡ್ಡದು, ಬೆಲೆಯೂ ದೊಡ್ಡದು. ಟಿಡಿಸಿಎಸ್ ಉಪಕರಣವೋ ಅಂಗೈ ಮೇಲೆ ಹಿಡಿಯುವಷ್ಟು ಪುಟ್ಟದು. ಹಾಗಾಗಿಯೇ ನೂರಾರು ಪ್ರಯೋಗಾಲಯಗಳು ಅದರ ಬೆನ್ನು ಹತ್ತಿದವು.

ಎರಡನೆಯದು ನಡಿಗೆಯ ಕಥೆ. ಅದು ಬಹುಕಾಲ ದಾರಿ ತಪ್ಪಿತ್ತೆಂದೇ ಹೇಳಬೇಕು. 1911ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಥಾಮಸ್ ಗ್ರಹಾಂ ಬ್ರೌನ್, ಮಿದುಳಿನ ಸಂಪರ್ಕ ಕಡಿದ ಬೆಕ್ಕಿನ ಬೆನ್ನುಹುರಿ ತಾನಾಗಿಯೇ ಹೆಜ್ಜೆಯ ಲಯವನ್ನು ಹುಟ್ಟಿಸಬಲ್ಲದು ಎಂದು ತೋರಿಸಿದರು. ಅದು ಮಹತ್ವದ ಶೋಧವೇ. ಆದರೆ ಅದರ ನೆರಳಿನಲ್ಲಿ, ನಡಿಗೆ ಎಂದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲದ ಕೆಲಸ ಎಂಬ ಭಾವನೆ ಬೇರೂರಿತು. ಮನುಷ್ಯ ಎರಡು ಕಾಲಿನ ಮೇಲೆ ನಡೆಯುವವನು. ತಿರುವು, ಹೊಸ್ತಿಲು, ಎದುರಿಗೆ ಬರುವ ಜನ, ಕೈಯಲ್ಲಿ ತುಂಬಿದ ಲೋಟ, ಇವೆಲ್ಲ ಬೆನ್ನುಹುರಿಗೆ ಒಪ್ಪಿಸಿ ಬಿಡುವ ಸಂಗತಿಗಳಲ್ಲ.

1997ರಲ್ಲಿ ಸ್ವೀಡನ್ನಿನ ಸಂಶೋಧಕರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಅವರು ವೃದ್ಧರ ಜೊತೆ ನಡೆಯುತ್ತಾ ಹೋಗಿ ನಡುವೆ ಮಾತಿಗೆ ಎಳೆದರು, ಅಷ್ಟೇ. 58 ಜನರಲ್ಲಿ 12 ಮಂದಿ ಉತ್ತರ ಕೊಡಲು ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದಿದ್ದರು. ಯಂತ್ರವಿಲ್ಲ, ಸ್ಕ್ಯಾನ್ ಇಲ್ಲ. ಒಂದು ಮಾತು ಅಷ್ಟನ್ನು ಹೇಳಿಬಿಟ್ಟಿತ್ತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗ ಮತ್ತೊಂದಿಲ್ಲ. ಕೆಲವೇ ವರ್ಷಗಳಲ್ಲಿ ಪಾರ್ಶ್ವವಾಯು ರೋಗಿಗಳಲ್ಲಿಯೂ ಇದೇ ಕಂಡಿತು: ಮಾತನಾಡುತ್ತಾ ನಡೆದರೆ ವೇಗ ಇಳಿಯುತ್ತದೆ, ಸಮತೋಲನ ಕೆಡುತ್ತದೆ.

ಕಾರಣ ತಿಳಿಯುವುದು ಕಷ್ಟವಲ್ಲ. ಪಾರ್ಶ್ವವಾಯುವಿಗೆ ಮುನ್ನ ತಾನಾಗಿ ನಡೆಯುತ್ತಿದ್ದ ಕಾಲನ್ನು ಈಗ ಪ್ರತಿ ಹೆಜ್ಜೆಗೂ ‘ಎತ್ತು, ಇಡು’ ಎಂದು ಗಮನವಿಟ್ಟು ನಡೆಸಬೇಕು. ಗಮನವೆಂಬುದು ಇರುವುದೇ ಇಷ್ಟು. ಅದರಲ್ಲಿ ಪಾಲು ಕೇಳಲು ಇನ್ನೊಂದು ಕೆಲಸ ಬಂದರೆ ಯಾವುದಾದರೂ ಒಂದು ಸೊರಗಲೇಬೇಕು. ಕೆಲವರು ಲೆಕ್ಕ ಬಿಟ್ಟು ಕಾಲನ್ನು ಕಾಯ್ದುಕೊಳ್ಳುತ್ತಾರೆ, ಕೆಲವರು ಲೆಕ್ಕದ ಹಿಂದೆ ಹೋಗಿ ಮುಗ್ಗರಿಸುತ್ತಾರೆ. ಹಾಗಿದ್ದರೂ ಎಷ್ಟೋ ಕಡೆ ರೋಗಿಯ ಚೇತರಿಕೆಯನ್ನು ಅಳೆದದ್ದು, ಈಗಲೂ ಅಳೆಯುತ್ತಿರುವುದು, ಸದ್ದಿಲ್ಲದ ಕಾರಿಡಾರಿನಲ್ಲಿ ಒಂದೇ ಕೆಲಸ ಕೊಟ್ಟು. ಸೆಕೆಂಡಿಗೆ 0.8 ಮೀಟರ್ ದಾಟಿದರೆ ಊರೊಳಗೆ ಒಬ್ಬರೇ ಓಡಾಡಬಲ್ಲರು ಎಂಬ ಲೆಕ್ಕಾಚಾರ 1995ರಿಂದ ಚಾಲ್ತಿಯಲ್ಲಿದೆ. ಮೊದಲು ಹೇಳಿದ ವ್ಯಕ್ತಿ 12 ಸೆಕೆಂಡಿನಲ್ಲಿ ನಡೆದಾಗ ಆ ಗೆರೆಯ ಮೇಲಿದ್ದರು. ಲೆಕ್ಕ ಹೇಳುತ್ತಾ ನಡೆದಾಗ ಗೆರೆಯ ಕೆಳಗಿಳಿದರು. ಕಡತದಲ್ಲಿ ಉಳಿಯುವುದು ಮಾತ್ರ ಮೊದಲ ಅಂಕಿ.

ಮೂರನೆಯದು ಚೇತರಿಕೆಯ ಸಿದ್ಧಾಂತದ ಕಥೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಇಂದಿನ ಗೊಂದಲದ ಬಹುಪಾಲು ಇಲ್ಲಿಯೇ ಹುಟ್ಟಿದ್ದು. 2000ದ ನಂತರದ ವರ್ಷಗಳಲ್ಲಿ ಒಂದು ವಿಚಾರ ಎಲ್ಲರ ಮನಸ್ಸನ್ನು ಗೆದ್ದಿತು. ಮಿದುಳಿನ ಎರಡು ಅರ್ಧಗೋಳಗಳು ಹಗ್ಗಜಗ್ಗಾಟದಂತೆ ಒಂದನ್ನೊಂದು ಹಿಡಿದಿಟ್ಟುಕೊಂಡಿರುತ್ತವೆ. ಒಂದು ಕಡೆ ಪೆಟ್ಟಾದರೆ ಇನ್ನೊಂದು ಕಡೆಯ ಕೈ ಮೇಲಾಗಿ, ಗಾಯಗೊಂಡ ಭಾಗವನ್ನು ಅದು ಇನ್ನಷ್ಟು ಅದುಮುತ್ತದೆ. ಆದ್ದರಿಂದ ಗಾಯಗೊಂಡ ಕಡೆಯನ್ನು ಚುರುಕಾಗಿಸಿ, ಇಲ್ಲವೇ ಆರೋಗ್ಯವಾಗಿರುವ ಕಡೆಯನ್ನು ತಗ್ಗಿಸಿ. ಕೇಳಲು ಎಷ್ಟು ಸೊಗಸು! ಹತ್ತು, ಇಪ್ಪತ್ತು ರೋಗಿಗಳ ಸಣ್ಣ ಪ್ರಯೋಗಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಬಹುಪಾಲು ಕೈಯ ಮೇಲೆ. ಬೆರಳಿನ ಚಲನೆಯನ್ನು ಅಳೆಯುವುದು ಸುಲಭ, ಕೈಯನ್ನು ಆಳುವ ಮಿದುಳಿನ ಭಾಗವೂ ತಲೆಬುರುಡೆಯ ಸಮೀಪದಲ್ಲೇ ಇದೆ. ಕಾಲಿನದು ಎರಡು ಅರ್ಧಗೋಳಗಳ ನಡುವಿನ ಸೀಳಿನೊಳಗೆ ಹುದುಗಿದೆ. ಅಲ್ಲಿಗೆ ಕಾಂತಕ್ಷೇತ್ರ ತಲುಪಿಸಲು ಬೇರೆಯೇ ಆಕಾರದ ಸುರುಳಿ ಬೇಕು. ಎರಡು ಕಾಲುಗಳ ಭಾಗಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮುಟ್ಟುವುದು ಕಷ್ಟ. ಹೀಗೆ ಕೈಗೆ ಸಿಕ್ಕ ಆದ್ಯತೆ ಕಾಲಿಗೆ ಸಿಗಲಿಲ್ಲ.

2018ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಪಾರ್ಶ್ವವಾಯುವಾಗಿ 3ರಿಂದ 12 ತಿಂಗಳಾದ ಸುಮಾರು 200 ರೋಗಿಗಳು. ಒಂದು ಗುಂಪಿಗೆ ಆರೋಗ್ಯವಾಗಿರುವ ಕಡೆಯನ್ನು ತಗ್ಗಿಸುವ ಟಿಎಂಎಸ್, ಇನ್ನೊಂದಕ್ಕೆ ಸದ್ದು ಮಾತ್ರ ಮಾಡುವ ಹುಸಿ ಚಿಕಿತ್ಸೆ. ಇಬ್ಬರಿಗೂ ಕೈಯ ವ್ಯಾಯಾಮ. ನಿಜವಾದ ಚಿಕಿತ್ಸೆ ಪಡೆದವರಲ್ಲಿ ಶೇ 67 ಮಂದಿ ಗಣನೀಯವಾಗಿ ಸುಧಾರಿಸಿದರು. ಹುಸಿ ಚಿಕಿತ್ಸೆಯವರಲ್ಲಿ? ಶೇ 65. ಇಷ್ಟೊಂದು ಜನ ಸುಧಾರಿಸಿದ್ದು ದೊಡ್ಡ ಸಂತೋಷ, ಆದರೆ ಆ ಕೀರ್ತಿ ಕಾಂತಕ್ಕಿಂತ ವ್ಯಾಯಾಮಕ್ಕೇ ಹೆಚ್ಚು ಸಲ್ಲಬೇಕೆಂದು ನನಗೆ ತೋರುತ್ತದೆ. ಹಗ್ಗಜಗ್ಗಾಟದ ಸಿದ್ಧಾಂತಕ್ಕೆ ಆಗಲೇ ತಿದ್ದುಪಡಿ ಬಂದಿತ್ತು: ಗಾಯ ತೀರ ದೊಡ್ಡದಾಗಿದ್ದರೆ ಆರೋಗ್ಯವಾಗಿರುವ ಕಡೆ ಶತ್ರುವಲ್ಲ, ಆಸರೆ. ಅಂಥವರಲ್ಲಿ ಅದನ್ನು ತಗ್ಗಿಸುವುದೆಂದರೆ ಊರುಗೋಲನ್ನೇ ಕಿತ್ತುಕೊಂಡಂತೆ.

ನಡೆಯುತ್ತಾ ಇನ್ನೊಂದು ಕೆಲಸ ಮಾಡುವ ಪ್ರಶ್ನೆಗೆ ಈ ಮೂರೂ ಕಥೆಗಳು ಬಂದು ಸೇರಿದ್ದು ತೀರ ಇತ್ತೀಚೆಗೆ. 2014ರಲ್ಲಿ ಆರೋಗ್ಯವಂತ ಯುವಜನರಲ್ಲಿ, ಅದಾದ ಎರಡು ವರ್ಷಕ್ಕೆ ವೃದ್ಧರಲ್ಲಿ, ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಟಿಡಿಸಿಎಸ್ ಕೊಟ್ಟಾಗ ಎರಡು ಕೆಲಸದ ಬೆಲೆ ಇಳಿದದ್ದು ಕಂಡುಬಂತು. ಗಮನವನ್ನು ಹಂಚುವ ಯಜಮಾನಿಕೆ ಆ ಭಾಗದ್ದು. ಪಾರ್ಶ್ವವಾಯು ರೋಗಿಗಳ ವಿಷಯದಲ್ಲಿ ಅಂದಿನಿಂದ ಎರಡು ವಾದಗಳಿವೆ. ಹಣೆಯ ಹಿಂದಿನ ಭಾಗವನ್ನೇ ಚುರುಕಾಗಿಸಿದರೆ ಹಂಚಲು ಹೆಚ್ಚು ಗಮನ ಸಿಗುತ್ತದೆ ಎಂಬುದು ಒಂದು. ಕಾಲನ್ನು ನಡೆಸುವ ಭಾಗವನ್ನು ಚುರುಕಾಗಿಸಿದರೆ ನಡಿಗೆ ಮತ್ತೆ ಸಲೀಸಾಗಿ, ಗಮನಕ್ಕೆ ಬಿಡುವು ಸಿಗುತ್ತದೆ ಎಂಬುದು ಇನ್ನೊಂದು. ಎರಡೂ ಮೇಲ್ನೋಟಕ್ಕೆ ಸರಿಯೆನಿಸುತ್ತವೆ. ತೈವಾನ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗ ಎರಡನೇ ದಾರಿಯದು. ವಿದ್ಯುದ್ವಾರಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಹೋಲಿಸಿದಾಗ ಒಂದೇ ಸಲದ ಚಿಕಿತ್ಸೆಯ ಬೆನ್ನಲ್ಲೇ ನಡಿಗೆ ಸುಧಾರಿಸಿತು. ಆಸೆ ಮೂಡಿಸುವ ಸುದ್ದಿಯೇ. ಆದರೆ ‘ಬೆನ್ನಲ್ಲೇ’ ಎಂಬ ಮಾತನ್ನು ಓದುಗರು ಹಾರಿಸಿ ಓದಬಾರದು.

ಚಿಕಿತ್ಸೆ ನಡೆಯುವ ಕೋಣೆಯನ್ನೊಮ್ಮೆ ನೋಡಿ. ಉಪ್ಪುನೀರಿನಲ್ಲಿ ಅದ್ದಿ ಹಿಂಡಿದ ಎರಡು ಸ್ಪಂಜುಗಳು, ಅವುಗಳೊಳಗೆ ರಬ್ಬರಿನ ವಿದ್ಯುದ್ವಾರ, ತಲೆಯ ಸುತ್ತ ಬಿಗಿದ ಪಟ್ಟಿ. ನೀರು ಹೆಚ್ಚಾದರೆ ಕಿವಿಯ ಪಕ್ಕದಿಂದ ಕುತ್ತಿಗೆಗೆ ತೊಟ್ಟಿಕ್ಕುತ್ತದೆ, ಕಡಿಮೆಯಾದರೆ ಚರ್ಮ ಚುರುಗುಟ್ಟುತ್ತದೆ. ಪ್ರವಾಹ ಮೆಲ್ಲನೆ 2 ಮಿಲಿಆಂಪಿಯರ್‌ಗೆ ಏರುವಾಗ ನೆತ್ತಿಯ ಮೇಲೆ ಇರುವೆ ಹರಿದಂತೆ ಅನಿಸಿ, ಆಮೇಲೆ ಅಡಗುತ್ತದೆ. ಇಪ್ಪತ್ತು ನಿಮಿಷ ಹೀಗೆ. ಹುಸಿ ಚಿಕಿತ್ಸೆಯಲ್ಲಿ ಪ್ರವಾಹ ಸುಮಾರು ಅರ್ಧ ನಿಮಿಷ ಹರಿದು ನಿಲ್ಲುತ್ತದೆ. ಇರುವೆ ಹರಿದ ಅನುಭವ ಇಬ್ಬರಿಗೂ ಒಂದೇ ಆದ್ದರಿಂದ ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಇಷ್ಟಾಗಿ ಮಿದುಳಿಗೆ ತಲುಪುವುದೆಷ್ಟು? 2018ರ ಒಂದು ಅಧ್ಯಯನ, ಮುಕ್ಕಾಲು ಪಾಲು ಪ್ರವಾಹ ಚರ್ಮ ಮತ್ತು ತಲೆಬುರುಡೆಯಲ್ಲೇ ಸೋರಿಹೋಗುತ್ತದೆ ಎಂದು ಲೆಕ್ಕ ಹಾಕಿತು. ಉಳಿದ ಪಾಲು ಎಲ್ಲಿ ಸೇರುತ್ತದೆ ಎಂಬುದು ಗಾಯದ ಗಾತ್ರ, ಬುರುಡೆಯ ದಪ್ಪವನ್ನು ಅವಲಂಬಿಸಿ ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಬ್ಬರಿಗೆ ಗುಣ ಕಂಡು ಇನ್ನೊಬ್ಬರಿಗೆ ಕಾಣದಿದ್ದರೆ ಆಶ್ಚರ್ಯವಿಲ್ಲ.

ಅಪಾಯ ಕಡಿಮೆ ಎಂಬುದು ನಿಜ. ನಿಗದಿತ ಮಿತಿಯೊಳಗೆ ಕೊಟ್ಟ ಟಿಡಿಸಿಎಸ್‌ನಿಂದ ಗಂಭೀರ ಹಾನಿಯಾದ ದಾಖಲೆಗಳಿಲ್ಲವೆಂದು 2016ರ ದೊಡ್ಡ ಪರಿಶೀಲನೆಯೊಂದು ಹೇಳಿತು. ಟಿಎಂಎಸ್‌ನಲ್ಲಿ ಅಪರೂಪಕ್ಕೆ ಅಪಸ್ಮಾರದ ಸೆಳೆತ ಬರುವ ಸಂಭವವಿದೆ. ತಲೆಯಲ್ಲಿ ಲೋಹದ ಕ್ಲಿಪ್ ಇರುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಈ ಹಿಂದೆ ಸೆಳೆತ ಬಂದವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು.

ನನ್ನ ತಕರಾರು ಅಪಾಯದ ಬಗ್ಗೆಯಲ್ಲ, ಅಳತೆಯ ಬಗ್ಗೆ. ಎಷ್ಟೋ ಪ್ರಯೋಗಗಳು ನಡಿಗೆಯ ವೇಗವನ್ನಷ್ಟೇ ಬರೆದುಕೊಂಡಿವೆ. ಆ ಹೊತ್ತಿನಲ್ಲಿ ಲೆಕ್ಕ ಎಷ್ಟು ಸರಿ ಬಂತು ಎಂದು ಬರೆದಿಲ್ಲ. ಲೆಕ್ಕವನ್ನು ಕೈಬಿಟ್ಟು ಬಿರುಸಾಗಿ ನಡೆದವರೂ ಅಲ್ಲಿ ಸುಧಾರಿಸಿದವರ ಸಾಲಿಗೇ ಸೇರುತ್ತಾರೆ. ಸ್ಪಂಜು ತೆಗೆದ ಅರ್ಧ ಗಂಟೆಯೊಳಗೆ ನಡೆಸಿದ ಪರೀಕ್ಷೆ, ಮೂರು ತಿಂಗಳ ನಂತರ ಆ ವ್ಯಕ್ತಿ ಬಿದ್ದರೋ ಇಲ್ಲವೋ ಎಂಬುದಕ್ಕೆ ಉತ್ತರ ಕೊಡಲಾರದು. ಪ್ರಚೋದನೆಯಿಂದ ಹದಗೊಂಡ ಮಿದುಳಿಗೆ ಆಗಲೇ ಕೆಲಸ ಕೊಡಬೇಕು, ಅಂದರೆ ನಡೆಯುತ್ತಾ ಮಾತನಾಡುವ, ನಡೆಯುತ್ತಾ ಲೋಟ ಹಿಡಿಯುವ ತರಬೇತಿಯನ್ನು ಅದರ ಜೊತೆಗೇ ಹಲವು ವಾರ ನಡೆಸಬೇಕು ಎಂಬ ಮಾತಿಗೆ ಈಗ ಹೆಚ್ಚು ಒಪ್ಪಿಗೆ ಸಿಗುತ್ತಿದೆ. ಹಾಗೆ ಮಾಡಿದ ಪ್ರಯೋಗಗಳ ಸಂಖ್ಯೆ ಚಿಕ್ಕದು, ಅವುಗಳಲ್ಲಿ ಪಾಲ್ಗೊಂಡ ರೋಗಿಗಳ ಸಂಖ್ಯೆಯೂ ಚಿಕ್ಕದು.

ಆದ್ದರಿಂದ ಈ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದರೆ ಮನೆಯವರು ಮೊದಲು ಕೇಳಬೇಕಾದ್ದು ಯಂತ್ರದ ಬಗ್ಗೆ ಅಲ್ಲ. ತಲೆಗೆ ಪಟ್ಟಿ ಕಟ್ಟಿದ ದಿನಗಳಲ್ಲಿ ನಡಿಗೆಯ ತರಬೇತಿಯೂ ನಡೆಯುತ್ತದೆಯೇ, ಆ ತರಬೇತಿಯಲ್ಲಿ ಮಾತನಾಡಿಸುತ್ತಾರೆಯೇ, ಎಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಕರೆಸಿ, ಅದೇ ಕಾರಿಡಾರಿನಲ್ಲಿ ನೂರರಿಂದ ಏಳೇಳು ಕಳೆಯಲು ಹೇಳಿ ಸಮಯ ನೋಡುತ್ತಾರೆಯೇ ಎಂದು ಕೇಳಬೇಕು.