ವಿಂಡೋಸ್ 11ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮತ್ತೆ ಬೇಕಾದರೆ

ಅಂಗಡಿಯಲ್ಲಿ ಹಳೆಯ ಸಿಸಿಟಿವಿ ಡಿವಿಆರ್, ಅಂದರೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಇದೆ ಅಂದುಕೊಳ್ಳಿ. ಬ್ರೌಸರ್‌ನಲ್ಲಿ ಅದರ ಐಪಿ ವಿಳಾಸ ಹೊಡೆದರೆ ಲಾಗಿನ್ ಆಗುತ್ತದೆ. ಆದರೆ ಕ್ಯಾಮೆರಾ ಚಿತ್ರ ಕಾಣಬೇಕಾದ ಕಡೆ ಖಾಲಿ ಚೌಕ, ಜೊತೆಗೆ ಪ್ಲಗಿನ್ ಹಾಕಿ ಅನ್ನುವ ಒಂದು ಸಾಲು. ಆ ಪ್ಲಗಿನ್, ಅಂದರೆ ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ, ಆಕ್ಟಿವ್‌ಎಕ್ಸ್ ಅನ್ನುವ ಹಳೆಯ ಬಗೆಯದು. ಅದು ನಡೆಯುವುದು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ (ಐಇ) ಮಾತ್ರ.

ಐಇ ಹೋಗಿಬಿಟ್ಟಿದೆಯಲ್ಲ ಅಂತೀರಾ? ಪೂರ್ತಿ ಹೋಗಿಲ್ಲ. 1995ರಲ್ಲಿ ಬಂದ ಈ ಬ್ರೌಸರ್‌ಗೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಬೀಗ ಹಾಕಿತು. ವಿಂಡೋಸ್ 11ರಲ್ಲಂತೂ ಮೊದಲಿನಿಂದಲೂ ಅದನ್ನು ತೆರೆಯಲು ಹೋದರೆ ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್ ತೆರೆದುಕೊಳ್ಳುತ್ತದೆ. ಆದರೆ ಪುಟಗಳನ್ನು ಬಿಡಿಸಿ ತೋರಿಸುವ ಟ್ರೈಡೆಂಟ್ ಎಂಜಿನ್, ಅಂದರೆ ಎಂಎಸ್‌ಎಚ್‌ಟಿಎಂಎಲ್ ಅನ್ನುವ ಡಿಎಲ್‌ಎಲ್ ಫೈಲು, ಸಿಸ್ಟಮ್32 ಫೋಲ್ಡರ್‌ನಲ್ಲಿ ಹಾಗೇ ಕೂತಿದೆ. ಹಾಗಾಗಿ ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಐಇ 11 ಸೆಟಪ್ ಅಂತ ಎಲ್ಲೋ ಸಿಗುವ ಫೈಲುಗಳನ್ನು ಮುಟ್ಟಲೇಬೇಡಿ.

ಸರಿಯಾದ ದಾರಿ ಎಡ್ಜ್‌ನ ಐಇ ಮೋಡ್, ಅಂದರೆ ಆ ಹಳೆಯ ಎಂಜಿನ್‌ನಲ್ಲೇ ಪುಟವನ್ನು ಎಡ್ಜ್‌ನೊಳಗೆ ತೆರೆಯುವ ವ್ಯವಸ್ಥೆ. ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ವಿಭಾಗಕ್ಕೆ ಹೋಗಿ, ಸೈಟುಗಳನ್ನು ಐಇ ಮೋಡ್‌ನಲ್ಲಿ ರೀಲೋಡ್ ಮಾಡಲು ಬಿಡುವ ಆಯ್ಕೆಗೆ ಅಲೋ ಕೊಟ್ಟು ಎಡ್ಜ್ ರೀಸ್ಟಾರ್ಟ್ ಮಾಡಿ. ಅಲ್ಲೇ ಕೆಳಗಿರುವ ಪಟ್ಟಿಗೆ ಡಿವಿಆರ್ ಪುಟದ ವಿಳಾಸ ಸೇರಿಸಿ. ಎಚ್‌ಟಿಟಿಪಿ ಸಮೇತ ಪೂರ್ತಿ ವಿಳಾಸ ಇರಲಿ. ಪುಟ ತೆರೆದಾಗ ವಿಳಾಸದ ಎಡಗಡೆ ಐಇಯ ನೀಲಿ ಗುರುತು ಕಂಡರೆ ಕೆಲಸ ಆದಂತೆ. ಹೀಗೆ ಸೇರಿಸಿದ್ದು 30 ದಿನ ಇರುತ್ತದೆ, ಆಮೇಲೆ ಮತ್ತೆ ಸೇರಿಸಬೇಕು. ಕಿರಿಕಿರಿ ಅಲ್ವಾ? ಆಫೀಸುಗಳಲ್ಲಿ ಐಟಿಯವರು ಸೈಟುಗಳ ಎಕ್ಸ್‌ಎಂಎಲ್ ಪಟ್ಟಿ ಮಾಡಿ ಎಲ್ಲ ಕಂಪ್ಯೂಟರ್‌ಗಳಿಗೂ ಒಟ್ಟಿಗೆ ಅನ್ವಯಿಸುವ ಪಾಲಿಸಿ ಮೂಲಕ ಹಾಕುತ್ತಾರೆ, ಅದಕ್ಕೆ ಈ ಗಡುವಿಲ್ಲ.

ಇಷ್ಟಾದರೂ ಚೌಕ ಖಾಲಿಯೇ ಇರಬಹುದು. ಆಗ ಕಂಟ್ರೋಲ್ ಪ್ಯಾನೆಲ್‌ನ ಇಂಟರ್‌ನೆಟ್ ಆಪ್ಷನ್ಸ್ ತೆಗೆಯಿರಿ. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಟ್ರಸ್ಟೆಡ್ ಸೈಟ್ಸ್‌ಗೆ ಆ ಐಪಿ ಸೇರಿಸಿ. ಅಲ್ಲಿ ಎಚ್‌ಟಿಟಿಪಿಎಸ್ ಕಡ್ಡಾಯ ಅನ್ನುವ ಟಿಕ್ ಇರುತ್ತದೆ. ಅದನ್ನು ತೆಗೆಯದಿದ್ದರೆ ಬರೀ ಎಚ್‌ಟಿಟಿಪಿ ವಿಳಾಸವನ್ನು ಅದು ಒಪ್ಪುವುದಿಲ್ಲ. ತುಂಬ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ವಿಂಡೋಸ್‌ನ ಹಳೆಯ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್‌ನಲ್ಲಿ ಎರಡು ಸಾಲು ಬರೆದು ಐಇ ಕಿಟಕಿಯನ್ನೇ ನೇರವಾಗಿ ಎಬ್ಬಿಸುವ ಟ್ರಿಕ್ಕೂ ಇದೆ. ಕಲಿಯಲು ಮಜಾ. ದಿನದ ಬಳಕೆಗೆ ಬೇಡ, ವಿಬಿಸ್ಕ್ರಿಪ್ಟನ್ನೇ ವಿಂಡೋಸ್‌ನಿಂದ ಹಂತಹಂತವಾಗಿ ತೆಗೆಯುತ್ತಿದ್ದಾರೆ.

ಇಷ್ಟೊಂದು ಕಟ್ಟುಪಾಡು ಯಾಕೆ ಅಂದರೆ, ಆಕ್ಟಿವ್‌ಎಕ್ಸ್ ಅನ್ನುವುದು ನಿಮ್ಮ ವಿಂಡೋಸ್ ಖಾತೆಯ ಅಧಿಕಾರದಲ್ಲೇ ಓಡುವ ಪ್ರೋಗ್ರಾಂ. ಒಮ್ಮೆ ಒಪ್ಪಿಗೆ ಕೊಟ್ಟರೆ ನಿಮ್ಮ ಫೈಲುಗಳಿಗೂ ಕೈ ಹಾಕಬಲ್ಲದು. ಮಲಗಿರುವ ಐಇಯನ್ನು ಕಳ್ಳರೂ ಎಬ್ಬಿಸಿದ್ದಾರೆ. ಶಾರ್ಟ್‌ಕಟ್ ಫೈಲಿನ ಮೂಲಕ ವಿಂಡೋಸ್ 11ರಲ್ಲೂ ಐಇ ತೆರೆಸಿ ದಾಳಿ ಮಾಡುತ್ತಿದ್ದುದು ಬಯಲಾಗಿ, ಮೈಕ್ರೋಸಾಫ್ಟ್ 2024ರ ಜುಲೈನಲ್ಲಿ ಅದನ್ನು ಮುಚ್ಚಿತು. ಆದ್ದರಿಂದ ಬೇಕಾದ ಒಂದೇ ವಿಳಾಸ ಸೇರಿಸಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಐಇ ಮೋಡ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇದೆ. ಆದರೆ ಡಿವಿಆರ್‌ನ ಮಟ್ಟಿಗೆ ಹೇಳುವುದಾದರೆ, ಇದಕ್ಕೆಲ್ಲ ಕೈ ಹಾಕುವ ಮೊದಲು ಅದರ ಮ್ಯಾನ್ಯುಯಲ್‌ನಲ್ಲಿ ಆರ್‌ಟಿಎಸ್‌ಪಿ ವಿಳಾಸ (ಲೈವ್ ವಿಡಿಯೋ ನೇರವಾಗಿ ಸಿಗುವ ವಿಳಾಸ) ಇದೆಯಾ ನೋಡಿ. ಇದ್ದರೆ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ಓಪನ್ ನೆಟ್‌ವರ್ಕ್ ಸ್ಟ್ರೀಮ್ ಒತ್ತಿ ಅದನ್ನು ಹಾಕಿದರೆ ಸಾಕು, ಲೈವ್ ಚಿತ್ರ ಬರುತ್ತದೆ. ಹಳೆ ರೆಕಾರ್ಡಿಂಗ್ ಹುಡುಕಲು, ಸೆಟ್ಟಿಂಗ್ ಬದಲಿಸಲು ಮಾತ್ರ ಐಇ ಮೋಡ್ ಇಟ್ಟುಕೊಳ್ಳಿ.