ಅಲೆದಾಡುವ ರೋಬಾಟಿಗೆ ಗುಂಟೆ ಲೆಕ್ಕ

ಹುಲ್ಲು ಹೊಡೆಯುವ ರೋಬಾಟ್ ಕೊಳ್ಳಲು ಹೊರಟವರು ಪೆಟ್ಟಿಗೆಯ ಮೇಲೆ ಮೊದಲು ಹುಡುಕುವುದು ಚದರ ಮೀಟರಿನ ಅಂಕಿಯನ್ನು. ನಮ್ಮ ಲಾನ್ 900 ಇದೆ, ಮೆಷಿನ್ 1000ದ್ದು, ಧಾರಾಳವಾಯಿತು ಎಂದು ದುಡ್ಡು ಕೊಟ್ಟು ಬರುತ್ತಾರೆ. ಮಳೆ ಹಿಡಿದ ಮೇಲೆ ಹುಲ್ಲು ಅಲ್ಲಲ್ಲಿ ಜುಟ್ಟಿನ ಹಾಗೆ ಎದ್ದು ನಿಂತಾಗ ಮೆಷಿನ್ನನ್ನು ಬೈಯುತ್ತಾರೆ. ತಪ್ಪು ಮೆಷಿನ್ನಿನದಲ್ಲ, ಅಂಕಿಯನ್ನು ಓದಿದ ರೀತಿಯದು. ಅದು ಜಾಗದ ಅಳತೆಯಂತೆ ಕಂಡರೂ ಅಸಲಿಗೆ ಹೊತ್ತಿನ ಅಳತೆ. ಅನೇಕ ಮಾದರಿಗಳಲ್ಲಿ ಅದರ ಅರ್ಥ, ಹಗಲು ರಾತ್ರಿಯೆನ್ನದೆ ಓಡಲು ಬಿಟ್ಟರೆ ಇಷ್ಟು ಜಾಗ ನಿಭಾಯಿಸುತ್ತದೆ ಎಂದು.

ಮೊದಲು ಆ ಅಂಕಿಯನ್ನು ನಮ್ಮ ಅಳತೆಗೆ ತಂದುಕೊಳ್ಳೋಣ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ, ಸುಮಾರು 101 ಚದರ ಮೀಟರ್. ಚದರ ಮೀಟರಿನ ಅಂಕಿಯಿಂದ ಎರಡು ಸೊನ್ನೆ ಕಳಚಿದರೆ ಗುಂಟೆ ಕೈಗೆ ಸಿಕ್ಕಿತು. 1000 ಎಂದರೆ 10 ಗುಂಟೆ, 4000 ಎಂದರೆ ಹೆಚ್ಚುಕಡಿಮೆ ಒಂದು ಎಕರೆ. ಮೈಸೂರಿನ 30×40 ಸೈಟ್ ಇಡಿಯಾಗಿ ಒಂದು ಗುಂಟೆ ಚಿಲ್ಲರೆ ಅಷ್ಟೆ. ಮನೆ ಕಟ್ಟಿ ಉಳಿದದ್ದರಲ್ಲಿ ಎಷ್ಟು ಲಾನ್ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ಅಂಥ ಪುಟ್ಟ ಲಾನಿಗೆ ರೋಬಾಟ್ ಬೇಡ. ಇದನ್ನು ಹೇಳುತ್ತಿರುವುದು ಅಂಚಿನ ಲೆಕ್ಕದಿಂದ. ರೋಬಾಟಿನ ಬ್ಲೇಡು ಹೊಟ್ಟೆಯ ನಡುವೆ ಇರುತ್ತದೆ, ಹಾಗಾಗಿ ಗೋಡೆಯ ಪಕ್ಕ ಸುಮಾರು 15 ಸೆಂ.ಮೀ. ಪಟ್ಟಿ ಕತ್ತರಿಸದೆ ಉಳಿಯುತ್ತದೆ. 20 ಅಡಿಗೆ 20 ಅಡಿಯ ಲಾನಿನ ಸುತ್ತ ಈ ಪಟ್ಟಿ ಎಳೆದರೆ ಒಟ್ಟು ಜಾಗದ ಹತ್ತರಲ್ಲಿ ಒಂದು ಪಾಲು ಅದರಲ್ಲೇ ಹೋಯಿತು. ಅದನ್ನು ನೀವೇ ಕುಕ್ಕರಗಾಲಲ್ಲಿ ಕೂತು ಕತ್ತರಿಸಬೇಕು. ಒಂದು ಎಕರೆ ಚೌಕದಲ್ಲಾದರೆ ಅದೇ ಪಟ್ಟಿ ನೂರರಲ್ಲಿ ಒಂದು ಪಾಲು. ಜಾಗ ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು. ಅರ್ಧ ಗುಂಟೆಯ ಒಳಗಿನ ಲಾನಿಗೆ ಕೈಯಲ್ಲಿ ತಳ್ಳುವ ಸಿಲಿಂಡರ್ ಮೆಷಿನ್ನೇ ಸರಿ, ಕಾಲು ಗಂಟೆಯ ಕೆಲಸ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆ ಬಟ್ಟೆಯ ಮೇಲೆದ್ದ ಜುಂಗನ್ನು ಸವರುವ ಮಿಲ್ಲಿನ ಯಂತ್ರ ನೋಡಿ, ಬಟ್ಟೆಗಾದದ್ದು ಹುಲ್ಲಿಗೂ ಆದೀತು ಎಂದು ಅವನಿಗೆ ಹೊಳೆದಿತ್ತು. ಆ ಮೆಷಿನ್ ಕತ್ತರಿಯಂತೆ ಎರಡು ಅಲಗಿನ ನಡುವೆ ಹುಲ್ಲನ್ನು ಹಿಡಿದು ಕತ್ತರಿಸುತ್ತದೆ. ರೋಬಾಟಿನದು ಬೇರೆ ಬಗೆ. ತಿರುಗುವ ತಟ್ಟೆಗೆ ಸಡಿಲವಾಗಿ ಸಿಕ್ಕಿಸಿದ ಮೂರು ಸಣ್ಣ ಬ್ಲೇಡುಗಳು ವೇಗದಿಂದ ಬೀಸಿ, ಕುಡುಗೋಲಿನ ಹಾಗೆ ಕೊಯ್ಯುತ್ತವೆ. ಕಲ್ಲು ತಾಗಿದರೆ ಬ್ಲೇಡು ಹಿಂದಕ್ಕೆ ಮಡಚಿಕೊಳ್ಳುತ್ತದೆ.

ಈಗ ನಡುವಿನ ಗಾತ್ರದ ಲಾನಿಗೆ ಬರೋಣ, ಒಂದರಿಂದ ಐದಾರು ಗುಂಟೆ. ಇಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಅಲೆದಾಡುವ ರೋಬಾಟ್. ಸ್ವೀಡನ್ನಿನ ಹಸ್ಕ್‌ವಾರ್ನಾ ಕಂಪನಿ 1995ರಲ್ಲಿ ಬಿಸಿಲಿನಿಂದ ಓಡುವ ಮೊದಲ ಮಾರಾಟದ ಮಾದರಿಯನ್ನು ತಂದಾಗಿನಿಂದ ತತ್ವ ಅದೇ: ನೇರ ಹೋಗು, ಗಡಿ ಸಿಕ್ಕರೆ ನಿಲ್ಲು, ಸಿಕ್ಕ ಕೋನಕ್ಕೆ ತಿರುಗು, ಮತ್ತೆ ನೇರ ಹೋಗು. ಲಾನಿನ ಸುತ್ತ ಹಾಸಿದ ತಂತಿಯೇ ಅದಕ್ಕೆ ಗಡಿ. ನೋಡಿದವರು ಇದಕ್ಕೆ ತಲೆಯೇ ಇಲ್ಲ ಎನ್ನುತ್ತಾರೆ. ದಿಕ್ಕುದೆಸೆಯಿಲ್ಲದ ಆ ಓಡಾಟದೊಳಗೆ ಎಂಥ ಸೊಗಸಾದ ಗಣಿತವಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಮಂಡ್ಯದ ಕಡೆ ರಾಗಿ ಬಿತ್ತುವುದನ್ನು ನೆನೆಸಿಕೊಳ್ಳಿ. ಕೂರಿಗೆಯಲ್ಲಿ ಬಿತ್ತಿದರೆ ಸಾಲು ಹಿಡಿದು ಕಾಳು ಬೀಳುತ್ತದೆ. ಕೈಯಲ್ಲಿ ಎರಚಿದರೆ ಬಿದ್ದಲ್ಲಿ ಬಿತ್ತು. ಹೊಲವನ್ನು 100 ಚೌಕ ಮಾಡಿ 100 ಕಾಳು ಎರಚಿದಿರಿ ಎನ್ನಿ. ಚೌಕಕ್ಕೊಂದು ಬೀಳುವುದಿಲ್ಲ. ಒಂದು ಕಾಳು ಒಂದು ನಿರ್ದಿಷ್ಟ ಚೌಕವನ್ನು ತಪ್ಪಿಸಿ ಬೀಳುವ ಸಾಧ್ಯತೆ 0.99. ನೂರೂ ತಪ್ಪಿಸಬೇಕಾದರೆ 0.99ನ್ನು ನೂರು ಸಲ ಗುಣಿಸಬೇಕು, ಬರುವುದು 0.37. ಅಂದರೆ 37 ಚೌಕ ಖಾಲಿ. ಇನ್ನೊಂದು ನೂರು ಎರಚಿದರೆ ಆ 37ರಲ್ಲಿ ಮತ್ತೆ ಅಷ್ಟೇ ಪಾಲು ಖಾಲಿ ಉಳಿದು 14ಕ್ಕೆ ಇಳಿಯುತ್ತದೆ. ಮೂರನೇ ನೂರಕ್ಕೆ 5, ನಾಲ್ಕನೆಯದಕ್ಕೆ 2. ಅಂಗಳದ ಚಪ್ಪಡಿಯ ಮೇಲೆ ಮಳೆ ಶುರುವಾಗುವುದನ್ನು ನೋಡಿದವರಿಗೆ ಇದು ಗೊತ್ತು. ಮೊದಲು ಬೇಗ ಬೇಗ ಒದ್ದೆಯಾಗುತ್ತದೆ, ಕೊನೆಯ ನಾಲ್ಕು ಒಣ ಚುಕ್ಕೆಗಳು ಮಾತ್ರ ಬಹಳ ಹೊತ್ತು ಉಳಿದುಕೊಳ್ಳುತ್ತವೆ. ಹಸು ಮೇಯುವುದೂ ಹೀಗೆಯೇ. ಅದು ಸಾಲು ಹಿಡಿದು ಮೇಯುವುದಿಲ್ಲ, ಆದರೂ ದಿನ ಕಳೆದಂತೆ ಬಯಲಿನ ಬಹುಪಾಲು ಮೇದಿರುತ್ತದೆ.

ರೋಬಾಟಿನ ಹಾದಿ ಬಿಡಿ ಕಾಳಲ್ಲ, ಉದ್ದದ ಗೆರೆ. ಮೂಲೆಗಳಿಗೆ ಅದು ಸ್ವಲ್ಪ ಕಡಿಮೆಯೇ ಹೋಗುತ್ತದೆ. ಆದರೂ ಅಂದಾಜಿಗೆ ಈ ಲೆಕ್ಕ ಸಾಕು: ನೂರರಲ್ಲಿ 95 ಪಾಲು ಕತ್ತರಿಸಬೇಕಾದರೆ ಲಾನಿನ ಮೂರರಷ್ಟು ಜಾಗದ ಮೇಲೆ ಓಡಬೇಕು. ಸೆಕೆಂಡಿಗೆ 40 ಸೆಂ.ಮೀ. ನಡೆಯುವ, 22 ಸೆಂ.ಮೀ. ಅಗಲ ಕತ್ತರಿಸುವ ಮೆಷಿನ್ ಗಂಟೆಗೆ ಸುಮಾರು 317 ಚದರ ಮೀಟರ್, ಮೂರು ಗುಂಟೆ, ಸವರುತ್ತದೆ. ಹತ್ತು ಗುಂಟೆಯ ಲಾನಿಗೆ ಮೂರರಷ್ಟು ಎಂದರೆ 30 ಗುಂಟೆ, ಹತ್ತು ಗಂಟೆಯ ಓಟ. ಒಂದು ಗಂಟೆ ಓಡಿ ಒಂದು ಗಂಟೆ ಚಾರ್ಜ್ ಆಗುವ ಮೆಷಿನ್ನಾದರೆ ಗಡಿಯಾರದಲ್ಲಿ 20 ಗಂಟೆ. 1000 ಎಂಬ ಅಂಕಿ ಎಲ್ಲಿಂದ ಬಂತು ಎಂಬುದು ಈಗ ಬಿಡಿಸಿಕೊಂಡಿತಲ್ಲ? ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮಾತ್ರ ಓಡಿಸಿದರೆ ಲಾನಿನ ಒಂದೂವರೆಯಷ್ಟು ಜಾಗದ ಓಟವಷ್ಟೇ ಆಗಿ, ನೂರರಲ್ಲಿ 22 ಪಾಲು ನಾಳೆಗೆ ಉಳಿಯುತ್ತದೆ. ಜನವರಿಯಲ್ಲಿ ಅದರಿಂದ ಏನೂ ತೊಂದರೆಯಿಲ್ಲ, ನಾಳೆ ಹೊಡೆದುಕೊಳ್ಳುತ್ತದೆ. ಮೇ ತಿಂಗಳ ಮಳೆ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಮಳೆ, ಈ ಎರಡು ಹೊತ್ತಿನಲ್ಲಿ ಗರಿಕೆ ನುಗ್ಗಿ ಬೆಳೆಯುವಾಗ ನಾಳೆಯೊಳಗೆ ಜುಟ್ಟು ಎದ್ದಿರುತ್ತದೆ. ಆದ್ದರಿಂದ ಹಗಲು ಮಾತ್ರ ಓಡಿಸುವವರು ಪೆಟ್ಟಿಗೆಯ ಅಂಕಿಯ ಅರ್ಧವನ್ನೇ ನಂಬಬೇಕು. ಐದು ಗುಂಟೆಗೆ 1000ದ ಮೆಷಿನ್ ಸರಿಯಾದ ಜೋಡಿ. ಹಾಗೆಂದು ಎರಡು ಗುಂಟೆಗೆ 3000ದ್ದು ತರಬೇಡಿ. ತೂಕ ಹೆಚ್ಚು, ತಿರುಗಲು ಜಾಗ ಹೆಚ್ಚು ಬೇಕು, ನೆನೆದ ಕೆಂಪು ಮಣ್ಣಿನಲ್ಲಿ ಚಕ್ರ ಒಂದೇ ಕಡೆ ತಿರುಗಿ ತಿರುಗಿ ಹುಲ್ಲಿನ ಬೇರನ್ನೇ ಕೆದರಿಬಿಡುತ್ತದೆ.

ಅಲೆದಾಟ ಕೈಕೊಡುವುದು ಲಾನಿನ ಆಕಾರ ಕೆಟ್ಟಾಗ. ನಮ್ಮ ಮನೆಗಳಲ್ಲಿ ಮುಂದೊಂದು ಲಾನ್, ಹಿಂದೊಂದು ಲಾನ್, ನಡುವೆ ಪಕ್ಕದ ಓಣಿ, ಹೆಚ್ಚೆಂದರೆ ಒಂದು ಮೀಟರ್. ಮುಂದಿನದು 20 ಮೀಟರ್ ಚೌಕವಾದರೆ ಸುತ್ತಳತೆ 80 ಮೀಟರ್. ಅದರಲ್ಲಿ ಓಣಿಯ ಬಾಯಿ ಒಂದೇ ಮೀಟರ್. ಗಡಿಯಿಂದ ಗಡಿಗೆ ಸರಾಸರಿ 15–16 ಮೀಟರ್, 40 ಸೆಕೆಂಡಿನ ನಡಿಗೆ. 80 ಸಲ ಗಡಿ ಮುಟ್ಟಿದರೆ ಒಮ್ಮೆ ಬಾಯಿ ಸಿಕ್ಕೀತು, ಅಷ್ಟರಲ್ಲಿ 53 ನಿಮಿಷ ಕಳೆದು ಬ್ಯಾಟರಿಯೂ ಮುಗಿಯುತ್ತ ಬಂದಿರುತ್ತದೆ. ಚಾರ್ಜ್ ಆದ ಮೇಲೆ ಮತ್ತೆ ಮುಂದಿನ ಲಾನಿನಿಂದಲೇ ಹೊರಡುವುದರಿಂದ ಹಿಂದಿನದಕ್ಕೆ ಸರದಿ ಬರುವುದೇ ಅಪರೂಪ. ಇದಕ್ಕೆ ದಾರಿ ತೋರುವ ತಂತಿ ಇದೆ. ಅದನ್ನು ಓಣಿಯಲ್ಲಿ ಹಾಯಿಸಿ, ಹತ್ತು ಸಲ ಹೊರಟರೆ ನಾಲ್ಕು ಸಲ ತಂತಿ ಹಿಡಿದು 25 ಮೀಟರ್ ಹೋಗಿ ಅಲ್ಲಿಂದ ಶುರು ಮಾಡು ಎಂದು ಸೆಟ್ ಮಾಡಬಹುದು. ಕೊಳ್ಳುವ ಮೊದಲು ಈ ಸೌಲಭ್ಯ ಇದೆಯೇ ಎಂದು ಕೇಳಿ.

ಗಡಿ ತಂತಿ ಹಾಕುವುದರಲ್ಲಿ ಎಳೆ ರಂಗೋಲಿಯ ಕಲೆ ಇದೆ. ಕೈ ಎತ್ತದೆ ಒಂದೇ ಎಳೆ, ಹೊರಟಲ್ಲಿಗೇ ಬಂದು ಸೇರಬೇಕು. ತಂತಿಯಲ್ಲಿ ಹರಿಯುವ ಸಣ್ಣ ವಿದ್ಯುತ್ ಸಂಕೇತದ ಕಾಂತಕ್ಷೇತ್ರವನ್ನು ರೋಬಾಟಿನ ಸುರುಳಿಗಳು ಗ್ರಹಿಸುತ್ತವೆ. ತಂತಿ ಸುತ್ತುವರಿದ ಜಾಗದ ಒಳಗೆ ಆ ಕ್ಷೇತ್ರಕ್ಕೆ ಒಂದು ದಿಕ್ಕು, ಹೊರಗೆ ವಿರುದ್ಧ ದಿಕ್ಕು. ನಡುವೆ ತೆಂಗಿನ ಮರ ಇದ್ದರೆ ಗಡಿಯಿಂದ ತಂತಿ ಎಳೆದು ಪಾತಿಯನ್ನು ಸುತ್ತಿ, ಹೋದ ತಂತಿಗೆ ತಾಗಿಸಿಕೊಂಡೇ ವಾಪಸ್ ತನ್ನಿ. ಹೋಗುವ ವಿದ್ಯುತ್ತು ಬರುವ ವಿದ್ಯುತ್ತನ್ನು ಹೊಡೆದುಹಾಕುವುದರಿಂದ ಆ ಜೋಡಿ ತಂತಿ ರೋಬಾಟಿಗೆ ಕಾಣುವುದೇ ಇಲ್ಲ, ದಾಟಿ ಹೋಗುತ್ತದೆ. ನಡುವೆ ಒಂದು ಗೇಣು ಸಂದು ಬಿಟ್ಟಿರೋ, ಅಲ್ಲೇ ಗೋಡೆ ಎದ್ದಂತೆ ತಿರುಗಿಬಿಡುತ್ತದೆ. ಗೋಡೆಯಿಂದ 30–35 ಸೆಂ.ಮೀ., ಲಾನಿಗೆ ಸಮತಟ್ಟಾದ ಕಲ್ಲುಹಾಸಿನಿಂದ 10 ಸೆಂ.ಮೀ. ಒಳಗೆ, ಮುಕ್ಕಾಲು ಮೀಟರಿಗೊಂದು ಗೂಟ. ಜಾಯಿಂಟಿಗೆ ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲದಲ್ಲಿ ತಾಮ್ರಕ್ಕೆ ಕಿಲುಬು ಹತ್ತುತ್ತದೆ. ಜೆಲ್ ತುಂಬಿದ ಕನೆಕ್ಟರನ್ನೇ ಹಾಕಿ. ಹೆಗ್ಗಣ ಕಡಿದು ತಂತಿ ತುಂಡಾದರೆ ಲಾನೆಲ್ಲ ಅಗೆಯಬೇಕಿಲ್ಲ. ಅರ್ಧದಲ್ಲಿ ತಂತಿ ತೆಗೆದು ಮಲ್ಟಿಮೀಟರಿನಲ್ಲಿ ಯಾವ ಪಾಲು ಸತ್ತಿದೆ ನೋಡಿ, ಆ ಪಾಲನ್ನು ಮತ್ತೆ ಅರ್ಧ ಮಾಡಿ. 100 ಮೀಟರ್ ತಂತಿಯಲ್ಲಿ ಏಳು ಸಲಕ್ಕೆ ಒಂದು ಮೀಟರಿನೊಳಗೆ ಬಂದು ನಿಲ್ಲುತ್ತೀರಿ. ಏಪ್ರಿಲ್–ಮೇ ತಿಂಗಳ ಗುಡುಗು ಶುರುವಾದರೆ ಚಾರ್ಜಿಂಗ್ ಸ್ಟೇಷನ್ನಿನಿಂದ ಕರೆಂಟನ್ನೂ ಗಡಿ ತಂತಿಯನ್ನೂ ಎರಡನ್ನೂ ಕಳಚಿಡಿ. ನೂರಾರು ಮೀಟರ್ ತಂತಿ ಸಿಡಿಲಿನ ಹೊಡೆತವನ್ನು ಹಿಡಿದು ಬೋರ್ಡಿಗೆ ತಲುಪಿಸುತ್ತದೆ.

ಹತ್ತು ಗುಂಟೆ ದಾಟಿದರೆ, ಹೋಂಸ್ಟೇ, ಕಲ್ಯಾಣ ಮಂಟಪದ ಲಾನ್, ತೋಟದ ಮನೆ, ಇಲ್ಲೆಲ್ಲ ಕೂರಿಗೆಯ ಹಾಗೆ ಸಾಲು ಹಿಡಿದು ಓಡುವ ರೋಬಾಟೇ ಬೇಕು. ಹತ್ತರಲ್ಲೊಂದು ಪಾಲು ಒಂದರ ಮೇಲೊಂದು ಬಿದ್ದರೂ ಹತ್ತು ಗುಂಟೆಗೆ ನಾಲ್ಕು ಗಂಟೆಯೊಳಗಿನ ಓಟ. ಆದರೆ ಸಾಲು ಹಿಡಿಯಬೇಕಾದರೆ ತಾನೆಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿರಬೇಕು. ಮೊಬೈಲಿನ ಜಿಪಿಎಸ್ ಸಾಲದು, ಅದು ಕೆಲವು ಮೀಟರ್ ಆಚೀಚೆ ಹೇಳುತ್ತದೆ. ಆರ್‌ಟಿಕೆ ಎಂಬ ವಿಧಾನ ಉಪಗ್ರಹ ಕಳಿಸುವ 19 ಸೆಂ.ಮೀ. ಉದ್ದದ ರೇಡಿಯೊ ಅಲೆಯನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಮನೆಯ ಮೇಲೆ ಕದಲದೆ ನಿಂತ ಒಂದು ಆಂಟೆನಾ, ಲಾನಿನಲ್ಲಿ ಓಡುವ ಇನ್ನೊಂದು. ವಾಯುಮಂಡಲದಿಂದ ಬರುವ ತಪ್ಪು ಎರಡಕ್ಕೂ ಒಂದೇ ಆದ್ದರಿಂದ ಒಂದರ ಅಳತೆಯಿಂದ ಇನ್ನೊಂದರದನ್ನು ಕಳೆದುಬಿಟ್ಟರೆ ಎರಡು ಸೆಂ.ಮೀ. ಆಸುಪಾಸಿನ ನಿಖರತೆ ಸಿಗುತ್ತದೆ. ಆಕಾಶ ನೋಡಿ ನೆಲ ಅಳೆಯುವ ಈ ಕೆಲಸಕ್ಕೂ ನಮ್ಮ ಸೀಮೆಗೂ ಹಳೆಯ ನಂಟು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷ್ ಸೇನೆ ರಾತ್ರಿ ದಿಕ್ಕು ತಪ್ಪಿ ನಡೆಯುತ್ತಿದ್ದಾಗ ನಕ್ಷತ್ರ ನೋಡಿ ಎಚ್ಚರಿಸಿದ ವಿಲಿಯಂ ಲ್ಯಾಂಬ್ಟನ್, ಮರುವರ್ಷವೇ ಬೆಂಗಳೂರಿನ ಬಳಿ ಸರಪಳಿ ಹಿಡಿದು, ಮಿಕ್ಕ ಅಳತೆಗೆಲ್ಲ ಆಧಾರವಾಗುವ ಅಡಿಗೆರೆಯನ್ನು ಅಳೆದ. ಭಾರತವನ್ನೆಲ್ಲ ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೆ ಬೆಳೆದದ್ದು ಅವನ ಕೆಲಸದಿಂದ.

ಆಕಾಶ ಬೇಕು ಎಂಬುದೇ ಆರ್‌ಟಿಕೆಯ ದೌರ್ಬಲ್ಯವೂ ಹೌದು. ಎರಡು ಮಹಡಿಯ ಮನೆಗಳ ನಡುವೆ, ಮಾವಿನ ಮರದಡಿ ಅದು ಕಂಗೆಡುತ್ತದೆ. ಗೋಡೆಗೆ ಬಡಿದು ಬಂದ ಸಂಕೇತವನ್ನು ನೇರ ಬಂದದ್ದೆಂದು ನಂಬಿ ಹೂವಿನ ಪಾತಿಗೇ ನುಗ್ಗಬಹುದು. ಅಂಥಲ್ಲಿ ಲೇಸರ್ ಕಣ್ಣಿನ ಲೈಡಾರ್ ಚೆನ್ನ. ಅದಕ್ಕೆ ಗೋಡೆ, ಮರ, ಕಂಬಗಳೇ ಗುರುತು. ಬಟ್ಟಬಯಲಾದ ಒಂದೆಕರೆಯಲ್ಲಿ ನೋಡಲು ಏನೂ ಸಿಗದೆ ಲೈಡಾರ್ ಸೋಲುತ್ತದೆ, ಆರ್‌ಟಿಕೆ ಗೆಲ್ಲುತ್ತದೆ. ಕ್ಯಾಮೆರಾ ಒಂದನ್ನೇ ನಂಬಿದ ಮಾದರಿ ಒಂದೆರಡು ಗುಂಟೆಗೆ ಆದೀತು, ಆದರೆ ಮಾರ್ಚ್ ಬಿಸಿಲಿಗೆ ಲಾನ್ ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಹುಲ್ಲು ಯಾವುದು, ನೆಲ ಯಾವುದು ಎಂದು ತಡವರಿಸುತ್ತದೆ. ಎಕರೆಗೆ ಒಂದು ದೊಡ್ಡ ಮೆಷಿನ್ನಿನ ಬದಲು ಎರಡು ನಡುಗಾತ್ರದವನ್ನು ಇಡುವುದು ಜಾಣತನ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತಿರುತ್ತದೆ.

ಇಳಿಜಾರಿನ ಅಂಕಿಯಲ್ಲಿ ಮೋಸಹೋಗುವವರು ಬಹಳ. ಶೇ 45 ಎಂದರೆ 45 ಡಿಗ್ರಿ ಅಲ್ಲ. ಒಂದು ಮೀಟರ್ ಮುಂದೆ ಹೋದರೆ 45 ಸೆಂ.ಮೀ. ಏರುವುದು ಎಂದರ್ಥ, ಅದು 24 ಡಿಗ್ರಿ. ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಏರುತಗ್ಗಿನ ಸೈಟ್ ಇರುವವರು ಒಂದು ಮೀಟರ್ ಕೋಲನ್ನು ಮಟ್ಟವಾಗಿ ಹಿಡಿದು, ಅದರ ತುದಿಯಿಂದ ನೆಲಕ್ಕೆ ಎಷ್ಟು ಸೆಂ.ಮೀ. ಎಂದು ಅಳೆದರೆ ಅದೇ ಶೇಕಡಾ.

ಇನ್ನು ಕತ್ತರಿಸಿದ ಚೂರು ಲಾನಿನಲ್ಲೇ ಬಿದ್ದರೆ ಹುಲ್ಲು ಕೊಳೆಯುತ್ತದೆ ಎಂಬ ಮಾತು. ವಾರಗಟ್ಟಲೆ ಬಿಟ್ಟು ಒಮ್ಮೆಗೇ ಹೊಡೆದ ಉದ್ದದ ಹುಲ್ಲಿಗೆ ಅದು ನಿಜ. ರೋಬಾಟ್ ದಿನವೂ ಕೆಲವೇ ಮಿ.ಮೀ. ಸವರುತ್ತದೆ. ಆ ಚೂರಿನ ಬಹುಪಾಲು ನೀರು, ಉಳಿದದ್ದರಲ್ಲಿರುವ ಸಾರಜನಕ ಮತ್ತೆ ಮಣ್ಣಿಗೇ ಸೇರುತ್ತದೆ. ಬುಟ್ಟಿ ತುಂಬಿಸಿ ಹೊರಗೆ ಸುರಿಯುವುದೆಂದರೆ ಹಾಕಿದ ಗೊಬ್ಬರವನ್ನೇ ಸುರಿದಂತೆ. ಹುಲ್ಲಿನ ಬೆಳವಣಿಗೆಯ ತಾಣ ಬುಡದಲ್ಲಿದೆ, ಎಲೆಯ ತುದಿಯಲ್ಲಿ ಅಲ್ಲ. ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಒಮ್ಮೆಗೇ ತೆಗೆಯದಿದ್ದರೆ ಅದಕ್ಕೆ ನೋವಿಲ್ಲ. ಗರಿಕೆಗೆ 25–35 ಮಿ.ಮೀ. ಎತ್ತರ ಸಾಕು. ಮೆಕ್ಸಿಕನ್ ಗ್ರಾಸ್ ನಿಧಾನ ಬೆಳೆಯುತ್ತದಾದರೂ ಎಲೆ ಗಡುಸು, ಬ್ಲೇಡು ಬೇಗ ಮೊಂಡಾಗುತ್ತದೆ. ಕತ್ತರಿಸಿದ ತುದಿ ಹರಿದು ಬಿಳಿಚಿಕೊಂಡಿದ್ದರೆ ಬ್ಲೇಡು ಬದಲಿಸುವ ಹೊತ್ತಾಯಿತು. ಮೆಷಿನ್ನಿನ ಮೇನ್ ಸ್ವಿಚ್ ಆಫ್ ಮಾಡಿ, ಗ್ಲೌಸ್ ಹಾಕಿ, ಮೂರನ್ನೂ ಸ್ಕ್ರೂ ಸಮೇತ ಬದಲಿಸಿ. ಒಂದನ್ನೇ ಬದಲಿಸಿದರೆ ತಟ್ಟೆಯ ತೂಕ ಏರುಪೇರಾಗಿ ಅದುರುತ್ತದೆ.

ಓಡಿಸುವ ಹೊತ್ತು ಹಗಲೇ ಇರಲಿ, ಇಬ್ಬನಿ ಆರಿದ ಮೇಲೆ ಶುರು ಮಾಡಿ ಸೂರ್ಯ ಮುಳುಗುವ ಮೊದಲು ನಿಲ್ಲಿಸಿ. ಒದ್ದೆ ಹುಲ್ಲು ಮೆಷಿನ್ನಿನ ಅಡಿ ಮುದ್ದೆಗಟ್ಟುತ್ತದೆ. ಆರ್‌ಟಿಕೆ ಇರುವವರಿಗೆ ಇನ್ನೂ ಒಂದು ಕಾರಣವಿದೆ. ಮೈಸೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಸೂರ್ಯಾಸ್ತದ ನಂತರ ಕೆಲವು ಗಂಟೆ ಅಯಾನುಗೋಳ, ಅಂದರೆ ವಾಯುಮಂಡಲದ ವಿದ್ಯುತ್ ಕಣಗಳ ಮೇಲ್ಪದರ, ಕದಡಿ ಉಪಗ್ರಹ ಸಂಕೇತ ಮಿಣುಕುತ್ತದೆ. ಯುರೋಪಿನಲ್ಲಿ ಸಿದ್ಧವಾದ ಕೈಪಿಡಿಗೆ ಇದರ ಚಿಂತೆ ಇರುವುದಿಲ್ಲ. ಮಳೆಗಾಲದ ರಾತ್ರಿ ಲಾನಿಗೆ ಕಪ್ಪೆಗಳೂ ಇಳಿಯುತ್ತವೆ. ಸದ್ದಿಲ್ಲದೆ ಬರುವ ಮೆಷಿನ್ ಕಂಡರೆ ಕಪ್ಪೆ ಓಡುವುದಿಲ್ಲ, ಅಲ್ಲೇ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ಮತ್ತು ಅಷ್ಟು ಚಿಕ್ಕದನ್ನು ಮುಂದಿನ ಬಂಪರ್ ಗುರುತಿಸುವುದಿಲ್ಲ.