ಕಾರ್ಡಿನ ಎಡ, ಬಾಯಿಯ ಬಲ

ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ಗೆಳೆಯರು ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ, ಯಾವ ಸಾಫ್ಟ್‌ವೇರ್ ಹಾಕಿಸಿದ್ದೀರಿ ಅಂತ. ಯಾವುದೋ ಒಂದು ಹಾಕಿಸಿ ಮಾರಾಯ್ರೇ, ಎಲ್ಲ ಹೆಚ್ಚುಕಮ್ಮಿ ಒಂದೇ. ಶಿವಮೊಗ್ಗದ ನಮ್ಮ ಕ್ಲಿನಿಕ್ಕಿನಲ್ಲಿ ಕಾಗದ ಬಿಟ್ಟು ಕಂಪ್ಯೂಟರಿಗೆ ಬರುವಾಗ ನನ್ನನ್ನು ಗೋಳು ಹೊಯ್ದುಕೊಂಡಿದ್ದು ಪೇಷೆಂಟ್‌ಗಳ ಚಿಕಿತ್ಸೆ ಬರೆದಿಟ್ಟ ಹಳೇ ಕಾರ್ಡುಗಳು. ಅದೂ ನನ್ನದೇ ಕೈಬರಹದವು.

ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಪಾಡು ಗೊತ್ತೇ ಇದೆಯಲ್ಲ. ಬೀರುವಿನೊಳಗೂ ತೇವ, ಕಾರ್ಡಿಗೆ ಕಾರ್ಡು ಅಂಟಿಕೊಂಡಿರುತ್ತದೆ, ಎಕ್ಸ್‌ರೇ ಫಿಲ್ಮಿಗೆ ಹೊಡೆದ ಪಿನ್ನು ತುಕ್ಕು ಹಿಡಿದು ಸರಿಯಾಗಿ ಬೇರಿನ ತುದಿಯ ಮೇಲೇ ಕಲೆ ಬಿದ್ದಿರುತ್ತದೆ. ಚಿತ್ರ ನಿಲ್ಲಿಸಲು ಬಳಸುವ ಫಿಕ್ಸರ್ ದ್ರಾವಣವನ್ನು ಸರಿಯಾಗಿ ತೊಳೆಯದ ಫಿಲ್ಮುಗಳಂತೂ ಕಂದಾಗಿ ಹೋಗಿದ್ದವು. ಅದಕ್ಕೇ ಒಂದು ಜುಲೈನಲ್ಲಿ, ಪೇಷೆಂಟ್‌ಗಳು ಕಡಿಮೆ ಇದ್ದಾಗ, ಎಲ್ಲ ಕಾರ್ಡನ್ನೂ ಟೈಪ್ ಮಾಡಿಬಿಡು ಅಂತ ರಿಸೆಪ್ಷನ್ ಹುಡುಗಿಗೆ ಹೇಳಿದೆ.

ದೊಡ್ಡ ತಪ್ಪು.

ಕಾರ್ಡಿನಲ್ಲಿ ನಾವು ಒಂದು ಪ್ಲಸ್ ಗೆರೆ ಎಳೆದು ನಾಲ್ಕು ಮೂಲೆ ಮಾಡಿ, ಮೂಲೆಯಲ್ಲಿ ಹಲ್ಲಿನ ನಂಬರ್ ಬರೆಯುತ್ತಿದ್ದೆವು, ನಡುವಿನ ಹಲ್ಲಿನಿಂದ ಹಿಂದಕ್ಕೆ 1ರಿಂದ 8. ಕಂಪ್ಯೂಟರಿನಲ್ಲಿ ಎರಡಂಕಿಯ ಪದ್ಧತಿ, ಮೊದಲ ಅಂಕಿ ಮೂಲೆಯದು, ಎರಡನೆಯದು ಹಲ್ಲಿನದು. ಬಲ ಮೇಲಿನದು 11ರಿಂದ 18, ಎಡ ಮೇಲಿನದು 21ರಿಂದ 28, ಎಡ ಕೆಳಗೆ 31ರಿಂದ 38, ಬಲ ಕೆಳಗೆ 41ರಿಂದ 48. ಪೇಷೆಂಟ್ ನಮ್ಮೆದುರು ಕೂತಂತೆ ಚಿತ್ರ ಬರೆಯುವುದರಿಂದ ಕಾರ್ಡಿನ ಎಡ ಅಂದರೆ ಅವರ ಬಲ. ಇದನ್ನು ಆ ಹುಡುಗಿಗೆ ನಾನು ಹೇಳಿಯೇ ಇರಲಿಲ್ಲ! ಕೆಳಗಿನ ಎಡ ಮೂಲೆಯಲ್ಲಿ 6 ಅಂತ ಇದ್ದದ್ದನ್ನು ಅವಳು ನೇರವಾಗಿ ಎಡ ಅಂತಲೇ ಓದಿ 36 ಅಂತ ಹಾಕಿದ್ದಳು, ಅದು 46 ಆಗಬೇಕಿತ್ತು. ಆ ಪೇಷೆಂಟ್ ಮತ್ತೆ ಬಂದಾಗ ಪರದೆ ನೋಡಿ 36ಕ್ಕೆ ಕನ್ನಡಿ ಹಿಡಿದರೆ ಅಲ್ಲಿ ಒಂದು ಹುಳುಕೂ ಇಲ್ಲ, ರೂಟ್ ಕೆನಾಲ್ ಆದ ದವಡೆ ಹಲ್ಲು ಆಚೆ ಬದಿಯಲ್ಲಿ ಕೂತಿತ್ತು. ಅವರೇನೋ ನಕ್ಕರು. ನನಗೆ ಬೆವರಿತ್ತು.

ಅವತ್ತೇ ಟೈಪಿಂಗ್ ನಿಲ್ಲಿಸಿದೆ. ಈಗ ಹಳೇ ಕಾರ್ಡಿನ ಎರಡೂ ಬದಿ ಫೋಟೋ ತೆಗೆದು ಫೈಲಿಗೆ ಸೇರಿಸುತ್ತೇವೆ, ಅಷ್ಟೇ. ಪೇಷೆಂಟ್ ಬಂದ ದಿನ ಬಾಯಿ ತೆರೆಸಿ, ಒಂದೊಂದೇ ಹಲ್ಲು ನೋಡಿ ನಾನೇ ತುಂಬುತ್ತೇನೆ. ಬಾರದವರದ್ದು ಹಾಗೇ ಇರಲಿ.

ಇನ್ನೊಂದು ಗೋಜು ಹೆಸರಿನದು. ತೀರ್ಥಹಳ್ಳಿ ಕಡೆಯಿಂದ ಎಷ್ಟು ಜನ ಮಂಜುನಾಥ ಬರುತ್ತಾರೆ ಅಂತೀರಿ! ಫೋನ್ ನಂಬರ್ ನೋಡಿ ಗುರುತು ಹಿಡಿಯೋಣ ಅಂದರೆ ಮನೆಮಂದಿಗೆಲ್ಲ ಮಗನ ನಂಬರ್ ಒಂದೇ. ಅದಕ್ಕೇ ತಲೆಗೊಂದು ಕ್ಲಿನಿಕ್ ನಂಬರ್, ಜೊತೆಗೆ ಊರು, ವಯಸ್ಸು.

ಕರೆಂಟು, ಸಿಡಿಲು, ಬ್ಯಾಕಪ್ಪಿನ ವಿಷಯ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಬ್ಯಾಕಪ್ ತೆಗೆದರೆ ಸಾಲದು, ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ. ಸಾಫ್ಟ್‌ವೇರ್ ಮಾರಲು ಬಂದವರಿಗೆ ಬೆಲೆಗಿಂತ ಮೊದಲು ಕೇಳಬೇಕಾದ್ದು, ನಾಳೆ ನಿಮ್ಮನ್ನು ಬಿಟ್ಟರೆ ನನ್ನ ದಾಖಲೆ ಹೇಗೆ ಕೊಡುತ್ತೀರಿ ಅಂತ. ಎಕ್ಸ್‌ರೇಗಳನ್ನು ಡೈಕಾಮ್ ಅನ್ನುವ ವೈದ್ಯಕೀಯ ಚಿತ್ರಗಳ ಫೈಲ್ ರೂಪದಲ್ಲೇ ಕೊಡಬೇಕು, ಹೆಸರು, ತಾರೀಕು ಚಿತ್ರದ ಫೈಲಿನೊಳಗೇ ಇರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಆ ವಿವರವೂ ಹೋಯಿತು, ಚಿತ್ರವೂ ಕುಗ್ಗಿತು.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಒಬ್ಬರು ಅಡಿಕೆ ಕೃಷಿಕರ ಕಾರ್ಡುಗಳನ್ನು ತುಂಬುವವರೆಗೆ. ದಿನವಿಡೀ ಕವಳ ಹಾಕುವವರು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಹೋಗುತ್ತದೆ, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಅದಕ್ಕೇ ಬಾಯಿ ಪೂರ್ತಿ ತೆರೆಸಿ, ಮುಂಭಾಗದ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಅಳೆದು ಬರೆದಿಡುತ್ತೇನೆ. ಮೂರು ಬೇರೆಬೇರೆ ವರ್ಷದ, ಮೂರು ಬೇರೆಬೇರೆ ಕಾರ್ಡಿನಲ್ಲಿದ್ದ ಅಳತೆಗಳು ಪರದೆಯ ಮೇಲೆ ಒಂದರ ಕೆಳಗೊಂದು ಬಂದವು: 39, 35, 30 ಮಿಲಿಮೀಟರ್. ಮೂರನ್ನೂ ಅಳೆದದ್ದು ನಾನೇ. ಪರದೆಯನ್ನು ಅವರ ಕಡೆ ತಿರುಗಿಸಿದೆ. ಸ್ವಲ್ಪ ಹೊತ್ತು ನೋಡಿ, "ಡಾಕ್ಟ್ರೇ, ಇದು ಮೊದಲೇ ಗೊತ್ತಿತ್ತಾ ನಿಮಗೆ?" ಅಂತ ಕೇಳಿದರು.